ನಾಲ್ಕು ವೇದಿಕೆಯನ್ನು ಎರಡಕ್ಕೆ ಇಳಿಸುವುದು ಹೇಗೆ: ಸಂಗೀತ ಉತ್ಸವ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಉತ್ಸವ ಅಂದ ಕೂಡಲೇ ಜನ ಕೇಳುವುದು ಎರಡೇ. ಯಾವ ಸಿಂಗರ್ ಬರುತ್ತಾರೆ, ಎಷ್ಟು ವೇದಿಕೆ? ವೇದಿಕೆ ಜಾಸ್ತಿ ಆದಷ್ಟೂ ಉತ್ಸವ ದೊಡ್ಡದು ಅನ್ನುವ ನಂಬಿಕೆ ಇದೆ. ಆಮೇಲೆ ನೋಡಿದರೆ ಮುಖ್ಯ ವೇದಿಕೆ ಮುಂದೆ ನಿಲ್ಲಲು ಜಾಗ ಇರುವುದಿಲ್ಲ. ನಾಲ್ಕನೇ ವೇದಿಕೆ ಮುಂದೆ ಖಾಲಿ ಕುರ್ಚಿ, ಮುಂದಿನ ಸಾಲಿನಲ್ಲಿ ಸರದಿಗೆ ಕಾಯುತ್ತಿರುವ ಇನ್ನೊಂದು ಭಜನಾ ತಂಡ. ಅಷ್ಟೇ.

ಇಳಿಸಬೇಕಾದ ಸಂದರ್ಭ ಮಾತ್ರ ಬಂದೇ ಬರುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ್ದರು. ಅಂಥ ವರ್ಷ ದೊಡ್ಡ ಉತ್ಸವ ಮಾಡಿದರೆ ಜನ ಬೈಯುತ್ತಾರೆ, ಪೂರಾ ರದ್ದು ಮಾಡಿದರೆ ಕಲಾವಿದರ ಹೊಟ್ಟೆ ಮೇಲೆ ಹೊಡೆದ ಹಾಗೆ. 2024ರ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಬಂತು. ಅಂಥ ದಿನಾಂಕ ಎದುರಿಗಿದ್ದರೆ ಎಲ್ಲವನ್ನೂ ಅದರೊಳಗೆ ಮುಗಿಸಬೇಕು. ಇಂಥ ಹೊತ್ತಲ್ಲಿ ಬಹಳ ಕಡೆ ಮಾಡುವ ತಪ್ಪು ಒಂದೇ. ವೇದಿಕೆಗಳನ್ನು ಹಾಗೇ ಉಳಿಸಿಕೊಂಡು ಪ್ರತಿ ತಂಡದ ಸಮಯವನ್ನು ಕತ್ತರಿಸುವುದು. ಅರ್ಧ ಗಂಟೆ ಇದ್ದವರಿಗೆ ಹತ್ತು ನಿಮಿಷ. ನನ್ನ ಸಲಹೆ ಇದಕ್ಕೆ ಪೂರಾ ಉಲ್ಟಾ: ವೇದಿಕೆ ತೆಗೆಯಿರಿ, ಉಳಿದವರಿಗೆ ಹಾಡುವಷ್ಟು ಸಮಯ ಕೊಡಿ. ಯಾಕೆ, ಹೇಗೆ ಅನ್ನುವುದು ಮುಂದಿದೆ.

ಮೊದಲು: ಯಾಕೆ ಇಳಿಸುತ್ತಿದ್ದೀರಿ?

ಸಮಿತಿ ಸಭೆಯಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ದುಡ್ಡು ಸಾಲದೇ? ದಿನ ಸಾಲದೇ? ಬಂದೋಬಸ್ತಿಗೆ ಪೊಲೀಸರು ಸಾಲದೇ? ಅಥವಾ ಕಳೆದ ಸಲ ಕಾರ್ಯಕ್ರಮ ರಾತ್ರಿ ಒಂದು ಗಂಟೆ ತನಕ ಎಳೆದು ಬೇಸರವಾಯಿತೇ? ಪ್ರತಿಯೊಂದಕ್ಕೂ ಕತ್ತರಿಸುವ ಜಾಗ ಬೇರೆ. ಪೊಲೀಸರು ಕಡಿಮೆ ಇದ್ದರೆ ವೇದಿಕೆಯ ಸಂಖ್ಯೆ ಇಳಿಯಬೇಕು. ದಿನ ಕಡಿಮೆ ಇದ್ದರೆ ತಂಡಗಳ ಪಟ್ಟಿ ಚಿಕ್ಕದಾಗಬೇಕು. ದುಡ್ಡು ಸಾಲದಿದ್ದರೆ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು.

ಖರ್ಚು ಎಲ್ಲಿದೆ ನೋಡಿ

ಸೌಂಡ್, ಲೈಟು, ಎಲ್‌ಇಡಿ ಪರದೆಯವರು ಬಾಡಿಗೆ ಹಿಡಿಯುವುದು ದಿನದ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಿ ಅಲ್ಲ. ಲಾರಿ ಬಂದು, ಟ್ರಸ್ (ಲೈಟು, ಸ್ಪೀಕರ್ ಹೊರುವ ಲೋಹದ ಚೌಕಟ್ಟು) ನಿಂತು, ಸ್ಪೀಕರ್ ಏರಿದ ಮೇಲೆ ನೀವು ಮೂರು ಗಂಟೆ ನಡೆಸಿದರೂ ಆರು ಗಂಟೆ ನಡೆಸಿದರೂ ಬಿಲ್ಲು ಹೆಚ್ಚುಕಡಿಮೆ ಅಷ್ಟೇ. ಉಳಿಯುವುದು ಜನರೇಟರ್‌ನ ಒಂದಿಷ್ಟು ಡೀಸೆಲ್. ಅಂದರೆ ನಾಲ್ಕೂ ವೇದಿಕೆಯ ಸಮಯವನ್ನು ಅರ್ಧ ಮಾಡಿದರೆ ಖರ್ಚು ಅರ್ಧ ಆಗುವುದಿಲ್ಲ.

ಒಂದು ವೇದಿಕೆಯನ್ನೇ ತೆಗೆದರೆ ಅದರ ಜೊತೆ ಏನೇನು ಹೋಗುತ್ತದೆ ನೋಡಿ: ಒಂದು ಲೋಡ್ ಸಾಮಾನು, ಅದರ ಆಪರೇಟರ್‌ಗಳು, ಒಂದು ಜನರೇಟರ್ ಮತ್ತು ಸ್ಟ್ಯಾಂಡ್‌ಬೈ, ಶಾಮಿಯಾನ, ಕುರ್ಚಿ, ಬ್ಯಾರಿಕೇಡ್, ಜೆಸ್ಕಾಂನ ಒಂದು ತಾತ್ಕಾಲಿಕ ವಿದ್ಯುತ್ ಸಂಪರ್ಕ, ನಿರೂಪಕರು, ಪೊಲೀಸರು, ಆಂಬುಲೆನ್ಸ್. ಇಷ್ಟೂ ಒಟ್ಟಿಗೆ ಉಳಿಯುತ್ತದೆ. ಟೆಂಡರ್ ಆಗಿಹೋಗಿದ್ದರೆ ಕೆಲಸದ ಆದೇಶ ಕೊಡುವ ಮುಂಚೆಯೇ ಗುತ್ತಿಗೆದಾರರ ಜೊತೆ ಕೂತು ಮಾತಾಡಿ. ಲಾರಿ ಹುಬ್ಬಳ್ಳಿ ಬಿಟ್ಟ ಮೇಲೆ ಯಾರೂ ದುಡ್ಡು ಕಡಿಮೆ ಮಾಡಲ್ಲ.

ಯಾವ ವೇದಿಕೆ ತೆಗೆಯುವುದು?

ಸಾಮಾನ್ಯವಾಗಿ ಮೊದಲು ಕತ್ತಿ ಬೀಳುವುದು ಜಾನಪದ ವೇದಿಕೆ ಮೇಲೆ. ಕಾರಣ ಸರಳ, ಅವರ ಪರವಾಗಿ ಫೋನ್ ಮಾಡುವವರು ಯಾರೂ ಇರುವುದಿಲ್ಲ. ಆದರೆ ಅತಿ ಕಡಿಮೆ ಖರ್ಚಿನ ವೇದಿಕೆ ಅದೇ. ನಾಲ್ಕು ಮೈಕು, ಎರಡು ಸ್ಪೀಕರ್, ಒಂದು ಮಿಕ್ಸರ್ ಇದ್ದರೆ ತತ್ವಪದದವರು, ಭಜನೆಯವರು ಆರಾಮಾಗಿ ಹಾಡುತ್ತಾರೆ. ಡೊಳ್ಳಿಗೆ ಅದೂ ಬೇಕಿಲ್ಲ. ಅದನ್ನು ತೆಗೆದರೆ ಉಳಿಯುವುದು ಚಿಲ್ಲರೆ.

ತೆಗೆಯಬೇಕಾದದ್ದು ಎರಡನೇ ದೊಡ್ಡ ವೇದಿಕೆ. ಮುಖ್ಯ ವೇದಿಕೆಯಷ್ಟೇ ಸಾಮಾನು ಹೊತ್ತು, ಅದರ ಕಾಲು ಭಾಗ ಜನರನ್ನೂ ಸೇರಿಸದ ವೇದಿಕೆ ಅದು. ಒಂದು ಸಣ್ಣ ಪರೀಕ್ಷೆ ಮಾಡಿ. ಕಳೆದ ಸಲದ ಫೋಟೋ, ವಿಡಿಯೋ ತರಿಸಿ, ರಾತ್ರಿ ಏಳೂವರೆಗೆ ಯಾವ ವೇದಿಕೆ ಮುಂದೆ ಎಷ್ಟು ಜನ ಇದ್ದರು ಅಂತ ಅಂದಾಜು ಮಾಡಿ. ವೇದಿಕೆ ಖರ್ಚನ್ನು ಅದಕ್ಕೆ ಭಾಗಿಸಿ. ಸಭೆಯಲ್ಲಿ ವಾದವೇ ಬೇಕಾಗುವುದಿಲ್ಲ.

ಮೈದಾನದಲ್ಲಿ ಎರಡು ವೇದಿಕೆ ಇದ್ದರೆ ಶಬ್ದದ ಲೆಕ್ಕ

ಬಯಲಲ್ಲಿ ದೂರ ಎರಡು ಪಟ್ಟಾದರೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮುಖ್ಯ ವೇದಿಕೆಯಿಂದ 10 ಮೀಟರ್‌ನಲ್ಲಿ 100 ಡೆಸಿಬೆಲ್ ಇದ್ದರೆ 20ರಲ್ಲಿ 94, 40ರಲ್ಲಿ 88, 80ರಲ್ಲಿ 82, 160ರಲ್ಲಿ 76. ಮನುಷ್ಯರು ಎದುರುಬದುರು ಕೂತು ಮಾತಾಡುವ ಶಬ್ದ 60ರ ಆಸುಪಾಸು. ಅಂದರೆ 160 ಮೀಟರ್ ಆಚೆ ಕೂತು ತಂಬೂರಿ ಮೀಟುವವರ ಕಿವಿಗೆ ತಮ್ಮ ತಂಬೂರಿಗಿಂತ ಮುಖ್ಯ ವೇದಿಕೆಯ ಸಿನಿಮಾ ಹಾಡೇ ಜೋರು. ಬೇಸ್ ಶಬ್ದವಂತೂ ಶಾಮಿಯಾನದ ಬಟ್ಟೆಗೆ ಕ್ಯಾರೇ ಅನ್ನುವುದಿಲ್ಲ.

ಆನೆಗೊಂದಿ ಕಡೆಯ ಬಂಡೆ ಗುಡ್ಡ ಎದುರಿಗಿದ್ದರೆ ಇನ್ನೊಂದು ತಾಪತ್ರಯ. 85 ಮೀಟರ್ ದೂರದ ಬಂಡೆಗೆ ಬಡಿದ ತಾಳ ಸುಮಾರು ಅರ್ಧ ಸೆಕೆಂಡ್ ತಡವಾಗಿ ವಾಪಸ್ ಬರುತ್ತದೆ. ಹಾಡುವವರು ಲಯ ತಪ್ಪುತ್ತಾರೆ. ಸ್ಪೀಕರ್‌ಗಳನ್ನು ಬಂಡೆಗೆ ನೇರ ಮುಖ ಮಾಡಿ ನಿಲ್ಲಿಸಬೇಡಿ, ಸ್ವಲ್ಪ ಕೆಳಕ್ಕೆ ಬಾಗಿಸಿ ಜನರ ತಲೆ ಮೇಲೆ ಬೀಳುವ ಹಾಗೆ ಮಾಡಿಸಿ.

ಹಾಗಾಗಿ ಎರಡು ವೇದಿಕೆ ಒಂದೇ ಮೈದಾನದಲ್ಲಿದ್ದರೆ ಏಕಕಾಲಕ್ಕೆ ನಡೆಸಲೇಬೇಡಿ. ಪಕ್ಕಪಕ್ಕದಲ್ಲೇ ಹಾಕಿ. ಒಂದರಲ್ಲಿ ಹಾಡು ನಡೆಯುವಾಗ ಇನ್ನೊಂದರಲ್ಲಿ ಮುಂದಿನ ತಂಡ ಸದ್ದಿಲ್ಲದೆ ಸಜ್ಜಾಗಲಿ. ಜನ ಕೂತಲ್ಲೇ ಕೂತಿರುತ್ತಾರೆ, ಕತ್ತು ಸ್ವಲ್ಪ ತಿರುಗಿಸಿದರೆ ಸಾಕು. ಎರಡು ವೇದಿಕೆಗೆ ಜಾಗ, ದುಡ್ಡು ಇಲ್ಲವಾದರೆ 60 ಅಡಿಯ ಒಂದೇ ವೇದಿಕೆಯನ್ನು ಪರದೆ ಎಳೆದು ಎರಡು ಭಾಗ ಮಾಡಿದರೂ ಇದೇ ಕೆಲಸ ಆಗುತ್ತದೆ.

ಸಮಯದ ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ.

ಕೊನೆಯಿಂದ ಶುರು ಮಾಡಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರ ತನಕ ಸರ್ಕಾರ ಸಡಿಲಿಕೆ ಕೊಡಬಹುದು. ಸಡಿಲಿಕೆ ಸಿಕ್ಕಿದರೂ ಪಟ್ಟಿಯನ್ನು 10ಕ್ಕೇ ಮುಗಿಸಿ. ಸಿಕ್ಕ ಎರಡು ಗಂಟೆಯನ್ನು ಪಟ್ಟಿಯಲ್ಲಿ ತುಂಬಿದಿರೋ, ಕಾರ್ಯಕ್ರಮ ಮುಗಿಯುವುದು ರಾತ್ರಿ ಎರಡಕ್ಕೆ. ಹಳ್ಳಿಗಳಿಂದ ಬಂದವರಿಗೆ ಕೊನೆ ಬಸ್ಸೂ ಸಿಗುವುದಿಲ್ಲ.

ಸಂಜೆ 5ಕ್ಕೆ ಶುರು ಅಂದುಕೊಳ್ಳಿ. ಮಾರ್ಚ್‌ನಲ್ಲಿ ನಮ್ಮ ಕಡೆ ಅದಕ್ಕಿಂತ ಮುಂಚೆ ಶುರು ಮಾಡಿದರೆ ಬಿಸಿಲಿಗೆ ಬರುವವರು ಯಾರೂ ಇಲ್ಲ. 5ರಿಂದ 10 ಅಂದರೆ 300 ನಿಮಿಷ. ಉದ್ಘಾಟನೆ, ಭಾಷಣ, ಸನ್ಮಾನಕ್ಕೆ 60 ತೆಗೆಯಿರಿ. ಉಳಿಯಿತು 240. ಅದರಲ್ಲಿ 30 ನಿಮಿಷ ಯಾರಿಗೂ ಕೊಡದೆ ಖಾಲಿ ಇಡಿ. ಉಳಿದದ್ದು 210.

ಒಂದು ತಂಡ ಇಳಿದು ಇನ್ನೊಂದು ಏರಿ, ಮೈಕು ಜೋಡಿಸಿ, ಒಮ್ಮೆ ಪರೀಕ್ಷೆ ಮಾಡಲು 15 ನಿಮಿಷ ಬೇಕೇ ಬೇಕು. ತಲಾ 30 ನಿಮಿಷದ ಐದು ತಂಡ ಅಂದರೆ 150, ನಡುವೆ ನಾಲ್ಕು ಬದಲಾವಣೆಗೆ 60. ಒಟ್ಟು 210. ಲೆಕ್ಕ ಸರಿಹೋಯಿತು.

ಈಗ ಯಾರೋ ಒತ್ತಡ ಹಾಕಿ ಹತ್ತು ತಂಡ ಮಾಡಿಸಿದರು ಅಂತಿಟ್ಟುಕೊಳ್ಳಿ. ಒಂಬತ್ತು ಬದಲಾವಣೆಗೆ 135 ನಿಮಿಷ ಹೋಯಿತು. ಉಳಿದದ್ದು 75. ಒಂದು ತಂಡಕ್ಕೆ ಏಳೂವರೆ ನಿಮಿಷ! ಮೈಕು ಜೋಡಿಸಲು ಹಿಡಿಯುವ ಸಮಯದ ಅರ್ಧದಷ್ಟು ಹೊತ್ತು ಹಾಡು. ಸಿಂಧನೂರಿನಿಂದ ಟಂಟಂ ಮಾಡಿಕೊಂಡು ಬಂದ ಹನ್ನೆರಡು ಜನ ಇಷ್ಟಕ್ಕೆ ಬಂದರಾ? ಈ ಒಂದು ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದು ಸಭೆಗೆ ತೆಗೆದುಕೊಂಡು ಹೋಗಿ. 'ಇನ್ನೊಂದೇ ಒಂದು ತಂಡ ಸೇರಿಸ್ರಿ' ಅನ್ನುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಅಕ್ಕಪಕ್ಕದ ವೇದಿಕೆ ಮಾಡಿದರೆ ಬದಲಾವಣೆ 2 ನಿಮಿಷಕ್ಕೆ ಇಳಿಯುತ್ತದೆ. ಆಗ ಅದೇ 210ರಲ್ಲಿ ತಲಾ 28 ನಿಮಿಷದ ಏಳು ತಂಡ ಹಿಡಿಸುತ್ತವೆ. ಇಳಿಸಿದ ಮೇಲೂ ಪಟ್ಟಿ ಉಳಿಯುವ ದಾರಿ ಇದು.

ಬದಲಾವಣೆಯನ್ನು ಚುರುಕು ಮಾಡಲು ಇನ್ನೂ ಉಪಾಯಗಳಿವೆ. ಕೂತು ಹಾಡುವ ತಂಡಗಳನ್ನು ಒಂದರ ಹಿಂದೆ ಒಂದು ಹಾಕಿ, ನಿಂತು ಹಾಡುವವರನ್ನು ಆಮೇಲೆ. ಆಗ ಜಮಖಾನೆ, ಗಿಡ್ಡ ಮೈಕ್ ಸ್ಟ್ಯಾಂಡು ಒಮ್ಮೆ ಹಾಕಿದರೆ ಮುಗಿಯಿತು. ಎಷ್ಟು ಜನ, ಯಾವ ವಾದ್ಯ, ಎಷ್ಟು ಮೈಕು ಅಂತ ತಂಡದ ಮುಖ್ಯಸ್ಥರಿಂದ ವಾರ ಮುಂಚೆಯೇ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಡಿಜಿಟಲ್ ಮಿಕ್ಸರ್ ಇದ್ದರೆ ಮಧ್ಯಾಹ್ನದ ಸೌಂಡ್ ಚೆಕ್‌ನಲ್ಲಿ ಪ್ರತಿ ತಂಡದ ಸೆಟ್ಟಿಂಗನ್ನು ಹೆಸರು ಹಾಕಿ ಉಳಿಸಿಕೊಳ್ಳಲಿ. ಮೈಕಿಗೆ ಬಣ್ಣದ ಟೇಪು ಸುತ್ತಿ. ತಬಲಾದವರಿಗೆ ಗಾಯಕರ ಶ್ರುತಿ ಹಾರ್ಮೋನಿಯಂನ ಕಪ್ಪು ಎರಡೋ ಬಿಳಿ ನಾಲ್ಕೋ ಮುಂಚೆಯೇ ಗೊತ್ತಿದ್ದರೆ ವೇದಿಕೆ ಹಿಂದೆಯೇ ಸರಿ ಮಾಡಿಕೊಂಡು ಬರುತ್ತಾರೆ. ಹಲಗೆ ವಾದ್ಯದವರಿಗೆ ಚರ್ಮ ಕಾಯಿಸಲು ಬೆಂಕಿ ಬೇಕು. ಶಾಮಿಯಾನದಿಂದ ದೂರ, ಗಾಳಿ ಮರೆಯಲ್ಲಿ ಒಂದು ಜಾಗ ಗುರುತಿಸಿ, ಪಕ್ಕದಲ್ಲಿ ಮರಳು, ನೀರಿನ ಬಕೆಟ್ ಇಡಿ. ಈ ವ್ಯವಸ್ಥೆ ಪಟ್ಟಿ ಮಾಡುವವರಿಗೆ ಯಾಕೋ ನೆನಪೇ ಆಗುವುದಿಲ್ಲ.

ಯಾರಿಗೆ ಎಷ್ಟು?

ಎಲ್ಲರಿಗೂ ಸಮ ಸಮ ಹಂಚುವುದು ನ್ಯಾಯ ಅನಿಸುತ್ತದೆ, ಆದರೆ ಸಂಗೀತಕ್ಕೆ ಅದು ಹೊಂದುವುದಿಲ್ಲ. ಡೊಳ್ಳು ಕುಣಿತ 15-20 ನಿಮಿಷದಲ್ಲಿ ರಂಗೇರಿ ಮುಗಿಯುತ್ತದೆ, ಅದಕ್ಕಿಂತ ಜಾಸ್ತಿ ಕುಣಿಯುವವರಿಗೂ ಆಯಾಸ. ವಚನ, ದಾಸರ ಪದ, ಸುಗಮ ಸಂಗೀತಕ್ಕೆ 20-25ರಲ್ಲಿ ನಾಲ್ಕು ಹಾಡು ಆರಾಮಾಗಿ ಆಗುತ್ತವೆ. ಖಯಾಲ್ (ಹಿಂದೂಸ್ತಾನಿ ಶಾಸ್ತ್ರೀಯ ಗಾಯನ) ಹಾಡುವವರಿಗೆ ಮಾತ್ರ 40ಕ್ಕಿಂತ ಕಡಿಮೆ ಕೊಡುವುದಾದರೆ ಕರೆಯದೇ ಇರುವುದು ಮೇಲು. ನಿಧಾನ ಲಯದ ವಿಳಂಬಿತ್ ಬಿಚ್ಚಿಕೊಳ್ಳುವಷ್ಟರಲ್ಲಿ 'ಸಮಯ ಆಯ್ತು' ಚೀಟಿ ಬಂದರೆ ಹಾಡುವವರಿಗೂ ನೋವು, ಕೇಳುವವರಿಗೂ ರಾಗ ದಕ್ಕುವುದಿಲ್ಲ. ಸಿದ್ಧರಾಮ ಜಂಬಲದಿನ್ನಿ ಅವರಂಥ ಗಾಯಕರು ಹುಟ್ಟಿದ ರಾಯಚೂರು ಸೀಮೆಯಲ್ಲಿ ಶಾಸ್ತ್ರೀಯಕ್ಕೆ ಹತ್ತು ನಿಮಿಷ ಅಂತ ಪಟ್ಟಿ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಮೇಲಿನ 150 ನಿಮಿಷವನ್ನು ಹೀಗೆ ಹಂಚಬಹುದು: ಡೊಳ್ಳು 20, ತತ್ವಪದ 20, ಸುಗಮ ಸಂಗೀತ 25, ಶಾಸ್ತ್ರೀಯ 40, ಹೆಸರಾಂತ ಗಾಯಕರು 45. ಹೆಸರಾಂತ ಗಾಯಕರು ಒಂದೂವರೆ ಗಂಟೆ ಕೇಳುತ್ತಾರೆ. ಒಪ್ಪಂದ ಬರೆಯುವ ಮುಂಚೆಯೇ 45 ಅಂತ ಹೇಳಿಬಿಡಿ.

ಶಾಸ್ತ್ರೀಯ ಗಾಯನವನ್ನು ಆ ದೊಡ್ಡ ಹೆಸರಿನ ಮುಂಚೆ ಇಟ್ಟರೆ ಮುಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆಯಲು ಶುರು ಮಾಡುತ್ತಾರೆ, ಅಲ್ವಾ? ಅದಕ್ಕೆ ನನಗೆ ಬಹಳ ಇಷ್ಟದ ದಾರಿ ಬೆಳಗಿನ ಕಛೇರಿ. ತೆಗೆದ ವೇದಿಕೆಯ ಶಾಸ್ತ್ರೀಯ ಗಾಯಕರನ್ನು ಮರುದಿನ ಬೆಳಿಗ್ಗೆ 6:15ಕ್ಕೆ ಹೊಳೆ ದಂಡೆಗೋ, ಕೋಟೆ ಬುಡಕ್ಕೋ, ಗುಡಿ ಅಂಗಳಕ್ಕೋ ಕರೆಯಿರಿ. 6ರ ನಂತರ ಧ್ವನಿವರ್ಧಕಕ್ಕೆ ರಾತ್ರಿಯ ನಿಷೇಧ ಇಲ್ಲ, ಮಾಮೂಲಿ ಅನುಮತಿ ಸಾಕು. ಲೈಟಿನ ಖರ್ಚು ಇಲ್ಲ, ಎಲ್‌ಇಡಿ ಬೇಡ, ಬಿಸಿಲೂ ಇಲ್ಲ. ಎಲ್ಲಕ್ಕಿಂತ ಮುಖ್ಯ, ಸಂಜೆಯ ಉತ್ಸವಗಳಲ್ಲಿ ಭೈರವ್, ತೋಡಿ ಕೇಳಲು ಸಿಗುವುದೇ ಇಲ್ಲ, ಅವು ಬೆಳಗಿನ ರಾಗಗಳು. ಬರುವವರು ಇನ್ನೂರೇ ಜನ ಇರಬಹುದು. ಆದರೆ ಅವರು ಕೇಳಲೆಂದೇ ಬಂದವರು. ಒಂದು ಕಡಾಯಿ ಉಪ್ಪಿಟ್ಟು, ಚಹಾ ಇದ್ದರೆ ಸಾಕು.

ತೊಗಲು ಗೊಂಬೆಯಾಟಕ್ಕೂ ಪ್ರತ್ಯೇಕ ಯೋಚನೆ ಬೇಕು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆ ಕಲೆಗೆ ಬೇಕಾದದ್ದು ಕತ್ತಲು. ಎಲ್‌ಇಡಿ ಪರದೆಯ ಬೆಳಕು ಬೀಳುವ ಕಡೆ ಅದನ್ನು ಇಟ್ಟರೆ ಗೊಂಬೆಯ ಬಣ್ಣವೇ ಕಾಣುವುದಿಲ್ಲ. ಮೈದಾನದ ಹಿಂದಿನ ಮೂಲೆ, ಶಾಲೆಯ ಅಂಗಳ ಎಲ್ಲಾದರೂ ಸರಿ, ಒಂದು ಗಂಟೆ ಬಿಟ್ಟುಕೊಡಿ. ಕಥೆ ಇರುವ ಕಲೆಯನ್ನು ಕಾಲು ಗಂಟೆಗೆ ಇಳಿಸಿದರೆ ಗಣಪತಿ ಸ್ತುತಿಯಲ್ಲೇ ಮುಗಿದುಹೋಗುತ್ತದೆ.

ಸಭಾ ಕಾರ್ಯಕ್ರಮ

ಸಮಯ ನಿಜವಾಗಿ ಸೋರುವುದು ಇಲ್ಲಿ. 60 ನಿಮಿಷ ಬರೆದದ್ದು 110 ಆಗುತ್ತದೆ. ಮಾತಾಡುವವರನ್ನು ಮೂರೇ ಜನಕ್ಕೆ ನಿಲ್ಲಿಸಿ. ಉಳಿದ ಗಣ್ಯರ ಹೆಸರನ್ನು ನಿರೂಪಕರು ಓದಲಿ. ಪ್ರತಿ ತಂಡದ ನಂತರ ಶಾಲು, ಹಾರ, ಫೋಟೋ ಮಾಡುವ ರೂಢಿ ಬಿಡಿ, ಒಂದೊಂದಕ್ಕೆ ಐದು ನಿಮಿಷ ತಿನ್ನುತ್ತದೆ. ಸನ್ಮಾನವನ್ನು ವೇದಿಕೆ ಹಿಂದೆ ಒಂದು ಚೆಂದದ ಕೋಣೆ ಮಾಡಿ, ಕೂರಿಸಿ, ಸಮಾಧಾನವಾಗಿ ಮಾಡಿ. ಪ್ರಮಾಣಪತ್ರದಲ್ಲಿ ಹೆಸರು ಸರಿ ಇದೆಯೇ ಅಂತ ನೋಡಿಕೊಳ್ಳಲೂ ಆಗುತ್ತದೆ.

ಮಂತ್ರಿಗಳು ತಡವಾಗಿ ಬಂದರೆ? ಹಾಡು ನಿಲ್ಲಿಸಿ ಕಾಯಬೇಡಿ. ಸಭೆಯನ್ನು ಎರಡು ತಂಡಗಳ ನಡುವಿನ ಯಾವ ಬಿಡುವಿಗಾದರೂ ಸರಿಸಬಹುದು ಅಂತ ಮೊದಲೇ ಬರೆದಿಡಿ, ಅವರ ಆಪ್ತ ಸಹಾಯಕರಿಗೂ ತಿಳಿಸಿಡಿ. ಹಾಡು ಅರ್ಧಕ್ಕೆ ನಿಲ್ಲಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ.

ಕಲಾವಿದರಿಗೆ ಹೇಳುವುದು

ಹೊಸ ಪಟ್ಟಿ ವಾಟ್ಸಾಪ್ ಗುಂಪಿಗೆ ಬೀಳುವ ಮುಂಚೆ ಪ್ರತಿ ತಂಡಕ್ಕೂ ಫೋನ್ ಹೋಗಬೇಕು. ಸುಮ್ನೆ 'ಬದಲಾವಣೆ ಆಗಿದೆ' ಅಂತ ಮೆಸೇಜ್ ಹಾಕಿದರೆ ಸಿಟ್ಟು ಬಂದೇ ಬರುತ್ತದೆ. ಮಾತು ಹೀಗಿರಲಿ: "ಯಜಮಾನ್ರ, ಮೂರನೇ ವೇದಿಕಿ ರದ್ದಾಗೈತ್ರಿ. ನಿಮ್ಮ ತಂಡ ತಗದಿಲ್ಲ. ಶನಿವಾರ ಸಂಜಿ ಬದ್ಲಿ ರವಿವಾರ ಬೆಳಿಗ್ಗೆ ಏಳಕ್ಕ ಐತ್ರಿ. ಇಪ್ಪತ್ತು ನಿಮಿಷ ಪೂರಾ ನಿಮ್ದ. ಸಂಭಾವನೆ ಮೊದಲ ಹೇಳಿದಷ್ಟ." ನಾಲ್ಕು ವಿಷಯ ಇದರಲ್ಲಿವೆ: ಏನಾಯಿತು, ಅವರು ಉಳಿದಿದ್ದಾರೆಯೇ, ಯಾವಾಗ, ದುಡ್ಡು ಎಷ್ಟು.

ಸಮಯ ಇಳಿಸಿದರೂ ಸಂಭಾವನೆ ಇಳಿಸಬೇಡಿ. ಗಾಡಿ ಬಾಡಿಗೆ, ಒಂದು ದಿನದ ಕೂಲಿ ಬಿಟ್ಟು ಬಂದದ್ದು ಇವೆಲ್ಲ ಹತ್ತು ನಿಮಿಷಕ್ಕೂ ಅಷ್ಟೇ, ಅರ್ಧ ಗಂಟೆಗೂ ಅಷ್ಟೇ. ತಂಡವನ್ನೇ ಕೈಬಿಡಬೇಕಾಗಿ ಬಂದರೆ ಮುಂಚೆ ತಿಳಿಸಿ, ಮುಂದಿನ ವರ್ಷದ ಪಟ್ಟಿಯಲ್ಲಿ ಅವರ ಹೆಸರನ್ನು ಮೊದಲು ಬರೆದು ಪತ್ರ ಕೊಡಿ. ಪತ್ರ ಅಂದೆ, ಮಾತಲ್ಲ. ಹೊಸ ಪಟ್ಟಿಯ ತಲೆ ಮೇಲೆ ದಿನಾಂಕ ಮತ್ತು 'ಪರಿಷ್ಕೃತ' ಅಂತ ಹಾಕುವುದನ್ನು ಮರೆಯಬೇಡಿ. ಹಳೇ ಆಹ್ವಾನ ಪತ್ರಿಕೆ ಫೋನ್‌ನಿಂದ ಫೋನಿಗೆ ಹಾರುತ್ತಲೇ ಇರುತ್ತದೆ.

ಎರಡು ವೇದಿಕೆಯ ಜನ ಒಂದೇ ಮೈದಾನಕ್ಕೆ ಬಂದಾಗ

ವೇದಿಕೆ ಇಳಿಸಿದರೆ ಜನ ಇಳಿಯುವುದಿಲ್ಲ, ಒಂದೇ ಕಡೆ ಸೇರುತ್ತಾರೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಾಗಿ 11 ಜನ ಸತ್ತರು. ಹಾಗಾಗಿ ಗೇಟಿನ ಲೆಕ್ಕವನ್ನು ಹೊಸದಾಗಿ ಹಾಕಲೇಬೇಕು.

ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಸುಮಾರು 80 ಜನ ದಾಟಬಹುದು. 10,000 ಜನ ಇದ್ದು, ಮೂರು ಮೀಟರ್‌ನ ನಾಲ್ಕು ಗೇಟು ತೆರೆದಿದ್ದರೆ ಎಲ್ಲರೂ ಹೊರಬರಲು 10-11 ನಿಮಿಷ. ಅದರಲ್ಲಿ ಎರಡನ್ನು ವಿಐಪಿ ಗಾಡಿಗಳಿಗೆ ಅಂತ ಮುಚ್ಚಿದರೆ 21 ನಿಮಿಷ. ಮುಗಿಯುವ ಹೊತ್ತಿಗೆ ವಿಐಪಿ ಗೇಟೂ ಜನರಿಗೆ ತೆರೆಯಬೇಕು ಅಂತ ಪೊಲೀಸರ ಜೊತೆ ಮೊದಲೇ ಬರಹದಲ್ಲಿ ಒಪ್ಪಿಕೊಳ್ಳಿ. ನಿಂತ ಜನ ಚದರ ಮೀಟರಿಗೆ ನಾಲ್ಕು ದಾಟುತ್ತಿದ್ದರೆ ಒಳಗೆ ಬಿಡುವುದನ್ನು ನಿಲ್ಲಿಸಿ. ಗೇಟಿನ ಹೊರಗೂ ಒಂದು ಪರದೆ ಹಾಕಿದರೆ ಒಳಗೆ ನುಗ್ಗುವ ಆತುರ ಕಡಿಮೆ ಆಗುತ್ತದೆ. ತೆಗೆದ ವೇದಿಕೆಯ ಎಲ್‌ಇಡಿಯನ್ನು ಇದಕ್ಕೆ ಬಳಸಬಹುದು.

ಆ ದಿನ

ವೇದಿಕೆಯ ಉಸ್ತುವಾರಿ ಒಬ್ಬರ ಕೈಯಲ್ಲಿ ಮಾತ್ರ ಇರಲಿ. ಹಾಡುವವರಿಗೆ ಕಾಣುವ ಹಾಗೆ ಮುಂದೆ ದೊಡ್ಡ ಗಡಿಯಾರ ಇಡಿ. ಮುಗಿಯಲು ಐದು ನಿಮಿಷ ಇರುವಾಗ ಹಳದಿ ದೀಪ. ಶಾಸ್ತ್ರೀಯ ಗಾಯಕರಿಗೆ ಹತ್ತು ನಿಮಿಷ ಮುಂಚೆಯೇ ಹೇಳಿ, ವೇಗದ ಲಯದ ದ್ರುತ್ ಮುಗಿಸಿ ಒಂದು ವಚನಕ್ಕೋ ಭೈರವಿ ರಾಗಕ್ಕೋ ಬರಲು ಅಷ್ಟು ಬೇಕು.

ಎಷ್ಟೇ ಮಾಡಿದರೂ ತಡ ಆಗುತ್ತದೆ. ಆಗ ಏನು ಬಿಡಬೇಕು ಅನ್ನುವ ಕ್ರಮ ಮಧ್ಯಾಹ್ನವೇ ತೀರ್ಮಾನ ಆಗಿರಲಿ. ಮೊದಲು ಖಾಲಿ ಇಟ್ಟ 30 ನಿಮಿಷ ಹೋಗಲಿ. ನಂತರ ನಿರೂಪಕರ ಮಾತು. ಆಮೇಲೆ ವಂದನಾರ್ಪಣೆ. ಅದಕ್ಕೂ ಮೀರಿದರೆ ದೊಡ್ಡ ಗಾಯಕರ 45ರಲ್ಲಿ ಐದು ನಿಮಿಷ. ಊರಿನ ತಂಡದ 20 ನಿಮಿಷಕ್ಕೆ ಕೈ ಹಾಕಬೇಡಿ.

ಪ್ರತಿ ತಂಡ ನಿಜವಾಗಿ ಏರಿದ ಸಮಯ, ಇಳಿದ ಸಮಯವನ್ನು ಒಬ್ಬರು ಒಂದು ವಹಿಯಲ್ಲಿ ಬರೆಯುತ್ತಾ ಹೋಗಲಿ. ಭಾಷಣದ್ದೂ ಸೇರಿಸಿ. ಉತ್ಸವ ಮುಗಿದ ವಾರದೊಳಗೆ ಅದರ ಒಂದು ಪ್ರತಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೆ ಕೊಡಿ, ಒಂದು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅಧಿಕಾರಿಗಳು ವರ್ಗ ಆಗುತ್ತಾರೆ, ಸಮಿತಿ ಬದಲಾಗುತ್ತದೆ. ಮುಂದಿನ ಸಲ ಎಷ್ಟು ವೇದಿಕೆ ಅಂತ ಕೂರುವವರಿಗೆ ಆ ವಹಿಯೇ ಆಧಾರ.